ಒಡಪಿಗೆ ಬಿದ್ದ ಬೀಗ

ನಮ್ಮ ಆಫೀಸಿನಲ್ಲಿ ಗಿರಮಿಟ್ಟು, ಮಿರ್ಚಿ ಹಂಚಿ ಸಂಭ್ರಮಪಟ್ಟ ದಿನವೇ ಮನೆಯಲ್ಲಿ ನಮ್ಮತ್ತೆ ಚೆನ್ನಬಸವ್ವ ಜೀವಮಾನವಿಡೀ ಸಂಸಾರ ಮಾಡಿದ ಗಂಡನ ಮುಖ ನೋಡಿ, "ಯಾರ್ರೀ ನೀವು? ಮನಿಯಾಗ ಗಂಡಸರಿಲ್ಲ. ಹೊರಗ ಕಟ್ಟಿಮ್ಯಾಲೆ ಕುಂದರ್ರಿ" ಅಂದರು. ಈ ಎರಡಕ್ಕೂ ಸಂಬಂಧವಿದೆ ಎಂದು ಆಗ ಯಾರಾದರೂ ಹೇಳಿದ್ದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ನಮ್ಮ ಆಫೀಸಿನ ಬಗ್ಗೆ ನನಗೆ ಅಷ್ಟು ಹೆಮ್ಮೆಯಿತ್ತು.

ಆಫೀಸೆಂದರೆ ಸ್ಮೃತಿಕೋಶ ಕೇಂದ್ರ, ನಾನು ಅಲ್ಲಿನ ನಿಯಂತ್ರಣ ಕೊಠಡಿಯವಳು. ಗದಗದಿಂದ ಮುಂಡರಗಿ ಕಡೆ ಹೋಗುವ ದಾರಿಯಲ್ಲಿ, ಗಾಳಿ ಒಂದು ಗಳಿಗೆಯೂ ಸುಮ್ಮನಿರದ ಬಯಲಿನಲ್ಲಿ ಅದರ ಕಟ್ಟಡ. ಮರೆವಿನ ಕಾಯಿಲೆ ಶುರುವಾದವರ ನೆನಪುಗಳನ್ನೆಲ್ಲ ತೆಗೆದು ಅಲ್ಲಿನ ಸರ್ವರುಗಳಲ್ಲಿ ಇಡುತ್ತಾರೆ. ರೋಗಿಯ ಕಿವಿಯ ಹಿಂದೆ ಚರ್ಮದೊಳಗೆ ಒಂದು ಸಣ್ಣ ಬಿಲ್ಲೆ ಕೂರಿಸುತ್ತಾರೆ. ತಲೆಗೆ ಹೊಳೆಯದ್ದನ್ನು ಬಿಲ್ಲೆ ಸರ್ವರಿನಿಂದ ತಂದುಕೊಡುತ್ತದೆ. ಮಾತು ಮರೆತು ತಡವರಿಸುವವರಿಗೆ ಪಕ್ಕದಲ್ಲಿ ಕೂತವರು ಮೆಲ್ಲಗೆ ಎತ್ತಿಕೊಟ್ಟ ಹಾಗೆ. ನಮ್ಮತ್ತೆ ಬಿಲ್ಲೆ ಹಾಕಿಸಿಕೊಂಡ ವಾರದಲ್ಲೇ, ಹಳೆಯ ದೀಪಾವಳಿಯೊಂದರಲ್ಲಿ ಯಾವ ನಾದಿನಿ ಯಾವ ಸೀರೆ ಉಟ್ಟಿದ್ದಳು, ಯಾರು ತನಗೆ ಏನೆಂದು ಚುಚ್ಚಿದ್ದರು ಎಂಬುದನ್ನೆಲ್ಲ ನೆನಪಿಸಿಕೊಂಡು ಮತ್ತೆ ಹೊಸದಾಗಿ ಸಿಟ್ಟಾಗಿದ್ದರು. ಮನೆಯಲ್ಲಿ ನಾವೆಲ್ಲ ಆ ಸಿಟ್ಟನ್ನು ಹಬ್ಬದ ಹಾಗೆ ಆಚರಿಸಿದೆವು.

ನೆನಪೆಂದ ಮೇಲೆ ಅದರಲ್ಲಿ ಗುಟ್ಟುಗಳಿರುತ್ತವೆ, ಗುಟ್ಟಿಗೆ ಬೀಗ ಬೇಕು. ರೋಗಿ ಬೆಳಿಗ್ಗೆ ಏಳುತ್ತಲೇ ಬಿಲ್ಲೆ ಮೊದಲು ಕೀಲಿ ಕೇಳುತ್ತದೆ. ಬೆರಳಚ್ಚನ್ನು ಕದಿಯಬಹುದು, ಮುಖವನ್ನು ನಕಲು ಮಾಡಬಹುದು. ಹಾಗಾಗಿ ಕೀಲಿ ಮನಸ್ಸಿನೊಳಗೇ ಇರಲಿ ಎಂದು ತಜ್ಞರು ತೀರ್ಮಾನಿಸಿದ್ದರು. ಉಳಿದೆಲ್ಲ ಸವೆದರೂ ಕಟ್ಟಿಕೊಂಡವರ ಹೆಸರು ಕೊನೆಯವರೆಗೂ ತಲೆಯಲ್ಲಿ ಉಳಿಯುತ್ತದೆಂದು ಅವರ ಪರೀಕ್ಷೆಗಳು ಹೇಳಿದ್ದವು. ಗಂಡ ಅಥವಾ ಹೆಂಡತಿಯ ಹೆಸರನ್ನು ಒಮ್ಮೆ ಮನಸ್ಸಿನಲ್ಲಿ ನೆನೆದರಾಯಿತು, ಬಿಲ್ಲೆಯಲ್ಲಿ ಹಸಿರು ದೀಪ ಹತ್ತಿ ಬಾಗಿಲು ತೆರೆಯುತ್ತದೆ. ತಪ್ಪಾದರೆ ಕೆಂಪು. ಆ ತಜ್ಞರ ಸಮಿತಿಯಲ್ಲಿ ನಮ್ಮ ಕಡೆಯ ಒಬ್ಬ ಮುದುಕಿಯಾದರೂ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಯುಗಾದಿ ಹೊತ್ತಿಗೆ ಕೋಶದ ಮೇಲೆ ದಾಳಿಯಾಯಿತು. ಎಲ್ಲಿಯವರೋ ಕಳ್ಳರು ತಮ್ಮ ಯಂತ್ರಗಳಿಂದ ಸಾಲುಸಾಲಾಗಿ ಹೆಸರುಗಳನ್ನು ಕಳಿಸಿ, ಯಾವುದು ಯಾರ ಬೀಗಕ್ಕೆ ಹೊಂದುತ್ತದೆಂದು ನೋಡತೊಡಗಿದರು. ಶ್ರೀಮಂತ ಮುದುಕರ ಗುಟ್ಟು ಸಿಕ್ಕಿದರೆ ಮಕ್ಕಳನ್ನು ಹೆದರಿಸಿ ಸುಲಿಯಬಹುದಲ್ಲ. ನಮ್ಮ ಮುಖ್ಯಸ್ಥರು ಡಾಕ್ಟರ್ ಸುರೇಂದ್ರ ಮಾನ್ವಿ. ಮದುವೆಯಾಗದ, ಸಿಟ್ಟೇ ಬಾರದ, ಸರ್ವರುಗಳನ್ನು ಮಕ್ಕಳಂತೆ ಸಾಕಿದ ಮನುಷ್ಯ. ಅವರು ಊಟ ತಿಂಡಿ ಬಿಟ್ಟು ಕೂತು ಒಂದು ಕಾವಲು ಪ್ರೋಗ್ರಾಂ ಬರೆದರು. ಅದರ ಅಧಿಕೃತ ಹೆಸರು ಹೇಳಲು ಉಸಿರು ಸಾಲದು, ನಾವು ಅದನ್ನು ದಫೇದಾರ ಎಂದು ಕರೆಯುತ್ತಿದ್ದೆವು.

ದಫೇದಾರನ ಕಾನೂನು ಸರಳ. ಒಂದೇ ಕಡೆಯಿಂದ ಮತ್ತೆ ಮತ್ತೆ ತಪ್ಪು ಕೀಲಿ ಬಂದರೆ ಸ್ವಲ್ಪ ಹೊತ್ತು ಬಾಗಿಲು ಬಂದ್. ಬೀಗ ಹಾಕಿದ ಮೇಲೂ ಬಡಿಯುತ್ತಿದ್ದರೆ ಅದು ಇನ್ನೂ ದೊಡ್ಡ ತಪ್ಪು, ಅರ್ಧ ದಿನ ಬಂದ್. ಆಮೇಲೆ ದಿನಗಟ್ಟಲೆ. ಅಷ್ಟಕ್ಕೂ ಬಗ್ಗದಿದ್ದರೆ ಆ ಬಾಗಿಲಿಗೆ ಕಳ್ಳ ಗಂಟುಬಿದ್ದಿದ್ದಾನೆಂದು ತಿಳಿದು ದಫೇದಾರ ಸರ್ವರಿನಲ್ಲಿರುವ ಆ ಬೀಗದ ಗುಟ್ಟನ್ನೇ ಅಳಿಸಿಬಿಡುತ್ತಾನೆ. ಅಲ್ಲಿಗೆ ಆ ಕೋಶವನ್ನು ಕಳ್ಳನಲ್ಲ, ಬ್ರಹ್ಮ ಬಂದರೂ ತೆರೆಯಲಾಗದು. ನೆನಪು ಕಳುವಾಗುವುದಕ್ಕಿಂತ ನಾಶವಾಗುವುದೇ ಮೇಲೆಂದು ಒಪ್ಪಂದದಲ್ಲಿ ಬರೆದಿತ್ತು. ಎಲ್ಲರೂ ಸಹಿ ಹಾಕಿದ್ದರು, ಓದಿದವರು ಯಾರೂ ಇರಲಿಲ್ಲ.

ದಫೇದಾರ ಬಂದ ವಾರದಲ್ಲೇ ದಾಳಿಯ ಅಬ್ಬರ ಇಳಿಯಿತು. ಆದರೆ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಸಿಕ್ಕಿಬಿದ್ದವರ ಸಂಖ್ಯೆ ಮಾತ್ರ ದಿನದಿನಕ್ಕೆ ಏರುತ್ತಲೇ ಇತ್ತು. ಪ್ರತಿಯೊಬ್ಬ ದಾಳಿಕೋರನೂ ಒಂದು ಉದ್ದನೆಯ ಅಂಕಿ, ಒಂದು ಕೆಂಪು ಗೆರೆ. "ನೋಡಿ ಮಧುಮತಿ ಮೇಡಂ, ಒಮ್ಮೆ ಬಳಸಿದ್ದನ್ನ ಇನ್ನೊಮ್ಮೆ ಬಳಸೋದಿಲ್ಲ ಇವರು. ಪ್ರತಿಸಲ ಹೊಸಾ ಊಹೆ! ಎಂಥಾ ತಲಿ ಇರಬೇಕು" ಎಂದು ಮಾನ್ವಿಯವರು ನನ್ನ ಕಡೆ ತಿರುಗಿ ಕಳ್ಳರನ್ನೇ ಹೊಗಳಿದರು. ಆ ಖುಷಿಗೇ ಅವತ್ತು ಗಿರಮಿಟ್ಟು ತರಿಸಿದ್ದು. ನಾನು ಎರಡು ಮಿರ್ಚಿ ಹೆಚ್ಚಿಗೆಯೇ ತಿಂದೆ.

ಮನೆಗೆ ಬಂದರೆ ಮಾವ ಕಟ್ಟೆಯ ಮೇಲೆ ಕೂತಿದ್ದರು. ಫಕೀರಪ್ಪ, ನಮ್ಮ ಮಾವ, ಗದಗದ ಮುದ್ರಣಾಲಯಗಳಲ್ಲಿ ಅಕ್ಷರದ ಮೊಳೆ ಜೋಡಿಸುತ್ತ ವಯಸ್ಸು ಕಳೆದವರು, ಮಾತು ಕಡಿಮೆ. ಅವತ್ತು ನನ್ನನ್ನು ಕಂಡ ಕೂಡಲೇ ಅವರೇ ಮಾತು ತೆಗೆದರು.

"ನನ್ನ ಒಳಗ ಬಿಡವಲ್ಲಳವಾ ಆಕಿ" ಅಂದರು. "ನಮ್ಮನಿಯವ್ರು ಪ್ರೆಸ್ಸಿಗೆ ಹೋಗ್ಯಾರ, ಬರ್ತಾರ, ಆಮ್ಯಾಲೆ ಬರ್ರಿ ಅಂತಾಳ. ನಾನs ಅಲ್ಲೇನ ಪ್ರೆಸ್ಸಿಗೆ ಹೋದಾವ?"

ಮೊದಲಿನಿಂದಲೂ ಅತ್ತೆ ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತು ಮಂಕಾಗಿರುತ್ತಿದ್ದರು. ಚಹಾ ಹೊಟ್ಟೆಗೆ ಬಿದ್ದ ಮೇಲೆ ಸರಿಹೋಗುತ್ತಿದ್ದರು. ಆ ಗುಣ ಚಹಾದ್ದೇ ಎಂದು ನಾವು ನಂಬಿ, ಶುಂಠಿ ಹಾಕಿ, ಏಲಕ್ಕಿ ಹಾಕಿ, ಪುಡಿ ಬದಲಿಸಿ ಎಷ್ಟೋ ಪ್ರಯೋಗ ಮಾಡಿದ್ದೆವು. ಇತ್ತೀಚೆಗೆ ಮಂಕು ಮಧ್ಯಾಹ್ನದವರೆಗೂ ಎಳೆಯುತ್ತಿತ್ತು. ಅವತ್ತು ಸಂಜೆಯಾದರೂ ಹೋಗಿರಲಿಲ್ಲ. ಡಾಕ್ಟರು ನೋಡಿ, ಕಾಯಿಲೆ ಮುಂದುವರಿದಿದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರು. ನನ್ನ ಗಂಡ ಮುತ್ತಣ್ಣ ಕಪ್ಪತಗುಡ್ಡದ ಗಾಳಿಯಂತ್ರಗಳ ಕೆಲಸದವನು, ವಾರಗಟ್ಟಲೆ ಮೇಲೆಯೇ ಇರುತ್ತಾನೆ. ಅವನಿಗೆ ಫೋನಿನಲ್ಲಿ ಹೇಳುತ್ತ ಅತ್ತುಬಿಟ್ಟೆ.

ಅಂದಿನಿಂದ ದಿನಗಟ್ಟಲೆ ನಮ್ಮ ಮನೆಯಲ್ಲಿ ಇದೇ ನಾಟಕ. ಮಾವ ಹೊರಗೆ, ಅತ್ತೆ ಒಳಗೆ. ತಟ್ಟೆ ಕಟ್ಟೆಗೆ ಹೋಗುತ್ತಿತ್ತು. "ಪಾಪ, ಯಾರೋ ಹಿರಿಯರು, ಉಣ್ಣಾಕ ಕೊಡವಾ" ಎಂದು ಅತ್ತೆಯೇ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಕಳಿಸುತ್ತಿದ್ದರು. ಮಾವ ಅದನ್ನು ತಿನ್ನುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅತ್ತೆಯ ತಲೆ ಬಾಚುತ್ತಿದ್ದೆ. ಕೂದಲು ಎತ್ತಿದಾಗ ಕಿವಿಯ ಹಿಂದೆ ಚರ್ಮದಡಿ ಬಿಲ್ಲೆಯ ಕೆಂಪು ದೀಪ ಮಿನುಗಿ ಆರಿತು. ಸ್ವಲ್ಪ ಹೊತ್ತಿಗೆ ಮತ್ತೆ ಮಿನುಗಿತು. ಬಗ್ಗಿ ನೋಡಿದರೆ ಅತ್ತೆಯ ತುಟಿ ಅಲ್ಲಾಡುತ್ತಿತ್ತು.

"ಏನ್ ಅನ್ಕೊಳ್ಳಾಕತ್ತೀರಿ ಅತ್ತಿ?"

"ಒಳಗ ಯಾರೋ ಕೇಳತಾರವಾ, ನಿನ್ನ ಗಂಡನ ಹೆಸರ ಏನಂತ. ಮುಂಜಾನಿಂದ ಒಂದs ಸವನ ಕೇಳಾಕತ್ತಾರ."

"ಮತ್ತ ಹೇಳ್ರಲಾ."

ಅತ್ತೆ ನಾಚಿಕೊಂಡು ಸೆರಗು ಬಾಯಿಗೆ ಹಿಡಿದರು. "ಹಂಗ ಬಡಾಬಡಾ ಹೇಳಾಕ ಬರ್ತೈತೇನ, ಹುಚ್ಚಿ? ಒಡಪು ಹಾಕೇ ಹೇಳಬೇಕು. ಈಗೊಂದು ಹೇಳಿದ್ನಿ: ಗದಗಿಗೆ ಗಾಳಿ ಚೆಂದ, ಬೆಟಗೇರಿಗೆ ಸೀರಿ ಚೆಂದ, ಫಕೀರಪ್ಪನವರು ಬಂದ್ರ ನಮ್ಮ ಮನಿ ಬಾಗಿಲಾ ಚೆಂದ. ಅದಕ್ಕೂ ಒಪ್ಪವಲ್ಲರು. ಇನ್ನೊಂದು ಹೊಸಾದು ಕಟ್ಟಾಕತ್ತೀನಿ."

ನನ್ನ ಕೈಯಿಂದ ಬಾಚಣಿಗೆ ಬಿತ್ತು. ಮದುವೆಯಾದ ಹೊಸದರಲ್ಲಿ ನಾನು ಗಂಡನನ್ನು "ಏ ಮುತ್ತಣ್ಣಾ" ಎಂದು ಕೂಗಿದರೆ ಇದೇ ಅತ್ತೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಗಂಡನ ಹೆಸರನ್ನು ಪದ್ಯದೊಳಗೆ ಮುಚ್ಚಿಟ್ಟು ಹೇಳುವುದು ನಮ್ಮ ಕಡೆಯ ಹಿರಿಯ ಹೆಂಗಸರ ಪದ್ಧತಿ. ಅತ್ತೆಯಂತೂ ಇಡೀ ಓಣಿಗೆ ಒಡಪಿನ ರಾಣಿ, ಹಾಕಿದ ಒಡಪನ್ನು ಮತ್ತೆ ಹಾಕಿದವರಲ್ಲ. ಬಿಲ್ಲೆ ಕೂರಿಸುವ ದಿನ ನರ್ಸು ಹೆಸರು ಕೇಳಿದಾಗ ಇವರು ನಕ್ಕು ತಲೆ ತಗ್ಗಿಸಿದ್ದರು. ನರ್ಸು ಚೀಟಿ ನೋಡಿ, "ಫಕೀರಪ್ಪ, ಹೌದಲ್ರೀ?" ಅಂದಿದ್ದಳು. ಆ ಶಬ್ದ ಕಿವಿಗೆ ಬಿದ್ದಾಗ ತಲೆಯಲ್ಲಿ ಎದ್ದ ಅಲೆಯನ್ನೇ ಬಿಲ್ಲೆ ಕೀಲಿಯೆಂದು ಹಿಡಿದುಕೊಂಡಿತ್ತು. ಆದರೆ ಅತ್ತೆಯ ಮನಸ್ಸಿನಲ್ಲಿ ಆ ಹೆಸರು ಯಾವತ್ತೂ ಒಂಟಿಯಾಗಿ ಬಂದದ್ದಿಲ್ಲ. ಗಾಳಿ, ಸೀರೆ, ಬಾಗಿಲುಗಳ ಮಧ್ಯೆ ಸಿಕ್ಕಿಕೊಂಡ ಅದನ್ನು ಯಂತ್ರ ಹೆಕ್ಕಲಾರದು. ಮೊದಲೆಲ್ಲ ಎಷ್ಟು ಸಲ ತಪ್ಪಿದರೂ ಬಾಗಿಲು ಕಾಯುತ್ತಿತ್ತು. ಯಾವುದೋ ಒಂದು ಒಡಪಿನಲ್ಲಿ ಮನಸ್ಸು ಹೆಸರಿನ ಮೇಲೆ ಒಂದು ಕ್ಷಣ ನಿಂತಾಗ ತೆರೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಚಹಾ ಆಗಿರುತ್ತಿತ್ತು.

ಒಮ್ಮೆ ಬಳಸಿದ್ದನ್ನು ಇನ್ನೊಮ್ಮೆ ಬಳಸದ ದಾಳಿಕೋರ ಯಾರೆಂದು ಆಗ ತಿಳಿಯಿತು. ಇಷ್ಟು ದಿನ ಬಡಿದಿದ್ದಾರೆಂದರೆ ಅತ್ತೆಯ ಕೋಶ ನಾಶದ ಅಂಚಿಗೇ ಬಂದಿರಬೇಕು.

ಬಿಲ್ಲೆಯನ್ನು ಮನೆಯಲ್ಲಿ ತೆಗೆಯಲು ಬರುವುದಿಲ್ಲ. ಕಟ್ಟೆಗೆ ಓಡಿಹೋಗಿ, "ಮಾವಾರ, ಕೈ ಮುಗೀತೀನಿ, ಅತ್ತಿಗೆ ನಿಮ್ಮ ಹೆಸರಿನ ಮಾತs ತಗೀಬ್ಯಾಡ್ರಿ. ಬ್ಯಾರೆ ಏನಾರ ಮಾತಾಡಿಸಿಕೋತ ಇರ್ರಿ" ಅಂದೆ.

"ನಾ ಯಾಕ ತಗೀಲೆವಾ" ಅಂದರು ಮಾವ. ಅಷ್ಟು ಹೇಳಿದರೆ ಸಾಕೆಂದು ತಿಳಿದು ನಾನು ಸ್ಕೂಟರ್ ಹತ್ತಿದೆ.

ನಿಯಂತ್ರಣ ಕೊಠಡಿಯಲ್ಲಿ ಮಾನ್ವಿಯವರು ನನ್ನ ಮಾತನ್ನು ಪೂರ್ತಿ ಕೇಳಿ ತಲೆಯಾಡಿಸಿದರು. "ಸಾಧ್ಯ ಇಲ್ಲ ಮೇಡಂ. ರೋಗಿಗಳ ಬಿಲ್ಲೆಯಿಂದ ಬಂದಂಗ ಕಾಣಸಬಹುದು. ಅದು ಕಳ್ಳರ ವೇಷ. ದಫೇದಾರ ಮೋಸ ಹೋಗೋದಿಲ್ಲ."

"ಸರ್, ಆ ಅಂಕಿಗಳನ್ನ ಬಿಡ್ರಿ. ಅವುಗಳ ಮುಂದ ರೋಗಿಗಳ ಹೆಸರು ಹಾಕಿ ತೋರಿಸ್ರಿ. ಅಷ್ಟs ಸಾಕು."

ಅವರು ಗುಂಡಿ ಒತ್ತಿದರು. ಪರದೆಯ ಮೇಲಿನ ಅಂಕಿಗಳು ಒಂದೊಂದಾಗಿ ಹೆಸರುಗಳಾದವು. ಹನಮವ್ವ, ಬೀಬಿಜಾನ್, ಗಂಗವ್ವ, ಪಾರ್ವತೆವ್ವ, ಮಾಬೂಬಿ, ಸಂಗವ್ವ. ಪರದೆ ಕೆಳಗೆ ಸರಿದಷ್ಟೂ ಮುದುಕಿಯರೇ. ನಾಲ್ಕು ಜಿಲ್ಲೆಗಳ ಅಜ್ಜಿಯರು ತಮ್ಮ ತಮ್ಮ ಅಡುಗೆಮನೆಗಳಲ್ಲಿ, ಪಡಸಾಲೆಗಳಲ್ಲಿ ಕೂತು, ತಮ್ಮದೇ ಬಾಗಿಲನ್ನು ತಾವೇ ಬಡಿಯುತ್ತಿದ್ದರು. ಅವರಲ್ಲಿ ಒಬ್ಬ ಕಳ್ಳನೂ ಇರಲಿಲ್ಲ. ಹನಮವ್ವನ ಹೆಸರಿನ ಮುಂದೆ ಕೆಂಪು ಗೆರೆಯ ಬದಲು ಕಪ್ಪು ಗೆರೆಯಿತ್ತು. ಕಪ್ಪೆಂದರೆ ಆ ಬೀಗದ ಗುಟ್ಟು ಅಳಿಸಿಯಾಗಿದೆ. ಇನ್ನೂ ಕೆಲವು ಕಪ್ಪು ಗೆರೆಗಳು ಕಂಡವು. ಮಾನ್ವಿಯವರು ಆ ಕಪ್ಪು ಗೆರೆಗಳನ್ನು ಒಂದೊಂದಾಗಿ ಎಣಿಸಿದರು. "ನಾವು ಗಿರಮಿಟ್ಟು ತಿಂದ್ವಲ್ಲ ಮೇಡಂ" ಎಂದಷ್ಟೇ ಅಂದರು.

ಚೆನ್ನಬಸವ್ವ ಎಂಬ ಹೆಸರಿನ ಮುಂದಿನ ಗೆರೆ ಇನ್ನೂ ಕೆಂಪಾಗಿತ್ತು. ಅದನ್ನು ಕಂಡು ಜೀವ ಬಂತು. ದಫೇದಾರನನ್ನು ನಿಲ್ಲಿಸಲು ನಾನು ನನ್ನ ಪಾಸ್‌ವರ್ಡ್ ಹೊಡೆದೆ. ಒಂದಕ್ಷರ ತಪ್ಪಾಯಿತು. ಮತ್ತೆ ಹೊಡೆದೆ, ಮತ್ತೆ ತಪ್ಪು. ಅಳು, ಆತುರ, ಬೆವರು, ಬೆರಳು ಒಂದೂ ಮಾತು ಕೇಳಲಿಲ್ಲ.

"ಮೇಡಂ, ನಿಲ್ಲಿಸ್ರಿ!" ಎಂದು ಮಾನ್ವಿಯವರು ಕೂಗುವಷ್ಟರಲ್ಲಿ ದಫೇದಾರ ನನ್ನನ್ನೂ ಹಿಡಿದ. ನನ್ನೊಬ್ಬಳನ್ನೇ ಅಲ್ಲ. ಆ ಕೊಠಡಿಯ ಕಂಪ್ಯೂಟರುಗಳೆಲ್ಲ ದಫೇದಾರನ ಲೆಕ್ಕಕ್ಕೆ ಒಂದೇ ವಿಳಾಸ. ನಾನು ಮಾಡಿದ ತಪ್ಪಿಗೆ ಇಡೀ ಕೊಠಡಿಗೆ ಬೀಗ ಬಿತ್ತು. ಬರೆದವರು ಬಂದು ಕೇಳಿದರೂ ದಫೇದಾರ ಬಾಗಿಲು ತೆಗೆಯಲಿಲ್ಲ. ಪರದೆಯನ್ನು ನೋಡಬಹುದಿತ್ತು, ಅದರಲ್ಲಿ ಯಾವುದನ್ನೂ ಮುಟ್ಟುವಂತಿರಲಿಲ್ಲ.

ಉಳಿದದ್ದು ಒಂದೇ ದಾರಿ. ಕೆಳಗಿನ ಯಂತ್ರಕೋಣೆಗೆ ಹೋಗಿ ಕರೆಂಟಿನ ಮುಖ್ಯ ಸ್ವಿಚ್ಚನ್ನೇ ಇಳಿಸಬೇಕು. ಇಳಿಸಿದರೆ ಇಡೀ ಕೋಶ ಆರುತ್ತದೆ, ಬಿಲ್ಲೆ ಇರುವವರೆಲ್ಲರ ನೆನಪೂ ಆ ಕ್ಷಣಕ್ಕೆ ಹೋಗುತ್ತದೆ. ಯಾರು ರಸ್ತೆ ದಾಟುತ್ತಿರುತ್ತಾರೋ, ಯಾರು ಒಲೆಯ ಮುಂದಿರುತ್ತಾರೋ. ಮಾನ್ವಿಯವರು ಬಾಗಿಲವರೆಗೆ ಹೋಗಿ ನಿಂತರು. ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು, ಆದರೂ ಆ ಗಳಿಗೆಯಲ್ಲಿ ಅವರನ್ನು ನೂಕಿಬಿಡಬೇಕೆನಿಸಿತು.

ಆಗ ಮನೆಯಿಂದ ಫೋನು ಬಂತು. ಮಾವನ ದನಿಯಲ್ಲಿ ಎಷ್ಟೋ ದಿನಗಳಿಂದ ಇಲ್ಲದ ಉತ್ಸಾಹವಿತ್ತು. ಹಿಂದಿನಿಂದ ಚಪ್ಪಾಳೆ, ನಗು ಕೇಳುತ್ತಿತ್ತು.

"ಓಣಿ ಹೆಣ್ಮಕ್ಕಳು ಮಾತಾಡಸಾಕ ಬಂದಾರವಾ. ನಾ ಏನೂ ಅಂದಿಲ್ಲ ಮತ್ತ. ಈಕಿ ನನ್ನ ಗುರ್ತs ಹಿಡಿಯವಲ್ಲಳಂತ ಅವರs, ಗಂಡನ ಹೆಸರ ಹೇಳು, ಒಡಪು ಹಾಕು ಅಂತ ಗಂಟಬಿದ್ದಾರ. ಕೇಳಿಲ್ಲೆ, ಹೆಂಗ ನಗಾಕತ್ತಾಳ! ನನ್ನ ಒಳಗೂ ಕರದಾರ."

"ಮಾವಾರ! ನಿಲ್ಲಸ್ರಿ! ಬಾಯಿ ಮುಚ್ಚಸ್ರಿ ಅವರ್ದು!"

ಆ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ಫೋನಿನಲ್ಲಿ ಅತ್ತೆಯ ದನಿ ಸ್ಪಷ್ಟವಾಗಿ ಬಂತು, ಮದುವೆ ಮನೆಯಲ್ಲಿ ಹೇಳುವಂಥದೇ ಠೀವಿ:

"ಹೂವ ಮುಡದು ಕುಂತೀನಿ, ಹಸಿರ ಬಳಿ ತೊಟ್ಟೀನಿ, ಫಕೀರಪ್ಪನವರ ಹೆಸರಾ ಹೇಳಾಕ ನಾ ಯಾಕ ನಾಚೀನಿ!"

ಪರದೆಯ ಮೇಲೆ ಅತ್ತೆಯ ಗೆರೆ ಒಮ್ಮೆ ಮಿಡುಕಿತು. ಅಲ್ಲಿ ಚಪ್ಪಾಳೆ ಬಿತ್ತು. "ಇನ್ನೊಂದು, ಚೆನ್ನಕ್ಕಾ, ಇನ್ನೊಂದು!" ಎಂದು ಯಾರೋ ಕೂಗಿದರು.

"ಸರ್!" ಎಂದು ನಾನು ಚೀರಿದೆ. ಮಾನ್ವಿಯವರು ಮೆಟ್ಟಿಲಿಳಿದು ಓಡುವ ಸದ್ದು ಕೇಳಿತು.

"ಅಚ್ಚಿನ ಮನಿಯಾಗ ಅಕ್ಷರ ಜೋಡಸ್ತಾರ, ಮನಿಗೆ ಬಂದ್ರ ಮಾತs ಮರೀತಾರ, ಫಕೀರಪ್ಪನವರು ನಕ್ಕರ ನನ್ನ ಸಿಟ್ಟೆಲ್ಲಾ ಇಳಸ್ತಾರ!"

ಮಾವ ಗಟ್ಟಿಯಾಗಿ ನಕ್ಕದ್ದು ಕೇಳಿಸಿತು. ನನ್ನ ಕಣ್ಣೆದುರಿಗೇ ಕೆಂಪು ಗೆರೆ ಕಪ್ಪಾಯಿತು. ಅದರ ಬೆನ್ನಿಗೇ ಕರೆಂಟು ಹೋಗಿ ಪರದೆ, ದೀಪ, ಫ್ಯಾನು ಎಲ್ಲ ಆರಿದವು. ಕತ್ತಲೆ ಕೊಠಡಿಯಲ್ಲಿ ನನ್ನ ಕೈಯ ಫೋನಿನಿಂದ ಚಪ್ಪಾಳೆ ಮಾತ್ರ ಬರುತ್ತಲೇ ಇತ್ತು.

ಉಳಿದ ಅಜ್ಜಿಯರು ಉಳಿದರು. ಕರೆಂಟು ಮರಳಿ ಬರುವ ಮುನ್ನ ಮಾನ್ವಿಯವರು ದಫೇದಾರನನ್ನು ಕಿತ್ತುಹಾಕಿದ್ದರು. ಬೀಗಗಳು ಮತ್ತೆ ಮೊದಲಿನಂತೆ ಎಷ್ಟು ಸಲ ತಪ್ಪಿದರೂ ಕಾಯತೊಡಗಿದವು. ಬೀಬಿಜಾನ್ ತಮ್ಮ ಮೊಮ್ಮಗಳನ್ನು ಗುರುತು ಹಿಡಿದರಂತೆ, ಪಾರ್ವತೆವ್ವ ಸೊಸೆಯೊಂದಿಗೆ ಹಳೆಯ ಜಗಳ ಮುಂದುವರಿಸಿದರಂತೆ. ಆ ಸುದ್ದಿಗಳನ್ನು ಕೇಳಿ ನಾನು ಸಂತೋಷಪಡಬೇಕಿತ್ತು, ಪಟ್ಟೆ ಎಂದು ಸುಳ್ಳು ಹೇಳಲಾರೆ. ವಿಚಾರಣೆಗೆಂದು ಬಂದ ಮೇಲಿನವರು ಎಲ್ಲವನ್ನೂ ಪರಿಶೀಲಿಸಿ, ವ್ಯವಸ್ಥೆ ತನ್ನ ನಿಯಮದಂತೆ ಸರಿಯಾಗಿಯೇ ಕೆಲಸ ಮಾಡಿದೆ ಎಂದು ವರದಿ ಕೊಟ್ಟರು. ಮಾನ್ವಿಯವರು ಕೆಲಸ ಬಿಟ್ಟು ಊರಿಗೆ ಹೋದರು. ಹೋಗುವ ಮುನ್ನ ನಮ್ಮ ಮನೆಗೆ ಬಂದು, ಒಳಗೆ ಬರಲು ಧೈರ್ಯವಾಗದೆ, ಅಂಗಳದಿಂದಲೇ ಮಾವನಿಗೆ ಕೈ ಮುಗಿದರು.

ಮಾವನಿಗೆ ನಾನು ನಿಜ ಹೇಳಿದ್ದೆ. ಅವರು ಓಣಿಯ ಹೆಂಗಸರಿಗೆ ಹೇಳಬೇಡವೆಂದರು. "ಪಾಪ, ಅವರಿಗೇನ್ ಗೊತ್ತು. ನಗಸಾಕ ಬಂದಿದ್ರು" ಅಂದರು. ಅತ್ತೆಗೆ ಸರ್ವರಿನ ಆಸರೆ ತಪ್ಪಿದ ಮೇಲೆ ತಲೆಯಲ್ಲಿ ಉಳಿದಿದ್ದ ಅಷ್ಟಿಷ್ಟೂ ಬೇಗ ಬೇಗ ಸವೆಯತೊಡಗಿತು. ಮೊದಲು ಒಡಪುಗಳು ಹೋದವು. ಆಮೇಲೆ, ಪ್ರೆಸ್ಸಿಗೆ ಹೋದ ಗಂಡ ಬರುತ್ತಾನೆಂದು ಕಾಯುವುದೂ ನಿಂತಿತು. ಕಾಯುವುದು ನಿಂತ ಮೇಲೆ ಮಾವನನ್ನು ಒಳಗೆ ಬಿಡಲು ಅವರಿಗೆ ಅಡ್ಡಿಯೇನೂ ಉಳಿಯಲಿಲ್ಲ. ಮಾವ ದಿನವಿಡೀ ಅವರ ಹತ್ತಿರವೇ ಒಂದು ಸ್ಟೂಲಿನ ಮೇಲೆ ಕೂತಿರುತ್ತಿದ್ದರು.

ಮೊನ್ನೆ ಮಧ್ಯಾಹ್ನ ಪಕ್ಕದ ಮನೆಯ ಶಾಂತವ್ವ ಬಂದಿದ್ದರು. "ಫಕೀರಪ್ಪಣ್ಣಾ, ನೀವು ಉಂಡ್ರೇನ?" ಎಂದು ಮಾವನನ್ನು ಕೇಳಿ, ಪಲ್ಯದ ಬಟ್ಟಲಿಟ್ಟು ಹೋದರು. ಅತ್ತೆ ಆ ಮಾತನ್ನು ಕೇಳುತ್ತ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಮಾವನ ಕಡೆ ತಿರುಗಿ, ಕೂಲಿಗೆ ಬಂದವರೊಂದಿಗೆ ಮಾತಾಡುವಷ್ಟೇ ಸಲೀಸಾಗಿ ಕರೆದರು.

"ಫಕೀರಪ್ಪಾ."

ಮಾವ ಎದ್ದು ನಿಂತರು. ನಾನು ಬಾಗಿಲಲ್ಲಿದ್ದೆ. ಒಡಪಿಲ್ಲ, ನಾಚಿಕೆಯಿಲ್ಲ, ಬರೀ ಹೆಸರು. ಅತ್ತೆಯ ಕಿವಿಯ ಹಿಂದೆ ಬಿಲ್ಲೆಯಲ್ಲಿ ಹಸಿರು ದೀಪ ಹತ್ತಿತು. ಬಿಲ್ಲೆಯೊಳಗೆ ಹಳೆಯ ಗುರುತು ಹಾಗೇ ಇತ್ತು, ಮೊದಲ ಸಲಕ್ಕೇ ಸರಿಯಾದ ಕೀಲಿ. ದೀಪ ಸ್ವಲ್ಪ ಹೊತ್ತು ಉರಿಯಿತು. ಸರ್ವರಿನ ಕಡೆಯಿಂದ ಉತ್ತರ ಕೊಡಲು ಏನೂ ಉಳಿದಿರಲಿಲ್ಲವಾದ್ದರಿಂದ ತಾನಾಗಿ ಆರಿತು.

"ಫಕೀರಪ್ಪಾ, ಒಂದ್ ತಂಬಿಗಿ ನೀರ ಕೊಡೋ" ಅಂದರು ಅತ್ತೆ.

ಮದುವೆಯಾದಾಗಿನಿಂದ ಅವರು ಮಾವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಮಾವ ನನ್ನ ಕಡೆ ನೋಡಲಿಲ್ಲ. "ತಂದ್ನಿರೀ" ಎಂದು ಹೇಳಿ, ನೀರು ತರಲು ಒಳಗೆ ಹೋದರು.